ಹಗ್ಗದ ಮೇಲಿನ ಯೂನಿಫಾರಂ

ಫೆಬ್ರವರಿ ೪

ಮಾನ್ಯ ತಾಯಿಯವರಿಗೆ ನಮಸ್ಕಾರಗಳು.

ನಾನು ಯಾರೆಂದು ನಿಮಗೆ ಗೊತ್ತಿಲ್ಲ. ನನ್ನದೊಂದು ಕನ್ನಡಕದ ಅಂಗಡಿ. ವಯಸ್ಸು ಅರವತ್ತರ ಹತ್ತಿರ. ಕೆಲವು ವರ್ಷದ ಹಿಂದೆ ಮಂಡಿಯ ಆಪರೇಷನ್ ಆಗಿ ಹಾಸಿಗೆ ಹಿಡಿದಾಗ ಮಗ ಕೈಗೆ ಫೋನು ಕೊಟ್ಟು, "ಸುಮ್ನೆ ನೋಡ್ತಾ ಇರು, ಹೊತ್ತು ಹೋಗುತ್ತೆ" ಅಂದ. ಹೊತ್ತು ಹೋಯಿತು. ಅದರ ಜೊತೆ ನಾನೂ ಹೋಗಿ ಒಂದು ಗುಂಪಿಗೆ ಸೇರಿಕೊಂಡೆ. ಪೊಲೀಸರು ಕೈಬಿಟ್ಟ ಹಳೆಯ ಪ್ರಕರಣಗಳನ್ನು ಇಟ್ಟುಕೊಂಡು ಚರ್ಚಿಸುವ ಗುಂಪು ಅದು. ಮೇಷ್ಟರಿದ್ದಾರೆ, ಲಾರಿ ಓಡಿಸುವವರಿದ್ದಾರೆ, ನಿವೃತ್ತ ನರ್ಸ್ ಒಬ್ಬರಿದ್ದಾರೆ. ನನ್ನನ್ನು ಅಲ್ಲಿ "ಕನ್ನಡಕ" ಅಂತಲೇ ಕರೆಯುತ್ತಾರೆ.

ನಾವು ಬಹಳ ಕಾಲದಿಂದ ಚರ್ಚಿಸುತ್ತಿರುವುದು ನಿಮ್ಮ ಮಗಳ ವಿಷಯ. ಏಳು ವರ್ಷದ ಮಗು, ಶುಕ್ರವಾರ ಶಾಲೆ ಬಿಟ್ಟು ಹೊರಟದ್ದು ಮನೆ ಸೇರಲಿಲ್ಲ, ಸೋಮವಾರ ಬೆಳಿಗ್ಗೆ ಕಾಲುವೆಯ ಹತ್ತಿರ ಸಿಕ್ಕಿತು. ಎತ್ತರ, ನೀಲಿ ರಿಬ್ಬನ್ನು, ಹನ್ನೊಂದನೇ ನಂಬರಿನ ಶೂ, ಎಲ್ಲವೂ ನಮಗೆ ಬಾಯಿಪಾಠ. ಹದಿನೆಂಟು ವರ್ಷವಾದರೂ ಮಾಡಿದವನು ಸಿಗಲಿಲ್ಲವೆಂದು ನಮಗೂ ಹೊಟ್ಟೆ ಉರಿಯುತ್ತದೆ.

ನೀವು ಅಪರಿಚಿತರ ಫೋನು ಎತ್ತುವುದಿಲ್ಲವೆಂದು ತಿಳಿಯಿತು. ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿಯ ಕೆಲಸ ಎಂದು ಹಳೆಯ ಪೇಪರಿನಲ್ಲಿ ಇತ್ತು. ಅದಕ್ಕೇ ಅಲ್ಲಿನ ವಿಳಾಸಕ್ಕೆ ಬರೆಯುತ್ತಿದ್ದೇನೆ. ನನ್ನದು ಒಂದೇ ಪ್ರಶ್ನೆ. ಪೊಲೀಸರು ಭಾನುವಾರ ನಿಮ್ಮ ಮನೆ ನೋಡಿದಾಗ ಮಗುವಿನ ಇನ್ನೊಂದು ಜೊತೆ ಯೂನಿಫಾರಂ ಹಿತ್ತಲಿನ ಹಗ್ಗದ ಮೇಲಿತ್ತು. ಶುಕ್ರವಾರ ಒಗೆದದ್ದು ಎಂದು ನೀವು ಹೇಳಿದ್ದಿರಿ. ಆದರೆ ಆ ಸುಡುಬಿಸಿಲಿನಲ್ಲೂ ಭಾನುವಾರ ಅದು ಒದ್ದೆಯಾಗಿತ್ತು ಎಂದು ವರದಿಯಲ್ಲಿದೆ. ಏಕೆ?

ಬೇರೆ ಯಾವ ಉದ್ದೇಶವೂ ಇಲ್ಲ. ಒಂದು ಸಣ್ಣ ಅನುಮಾನ ಪರಿಹಾರವಾಗಲಿ ಎಂದಷ್ಟೇ.

ಇತಿ,
ಕನ್ನಡಕದ ಅಂಗಡಿಯವಳು


ಫೆಬ್ರವರಿ ೧೯

ಕನ್ನಡಕದವರಿಗೆ,

ನಿಮ್ಮ ಕಾಗದ ಹರಿದು ಒಲೆಗೆ ಹಾಕಬೇಕೆಂದೇ ಇದ್ದೆ. ಹಾಕದೆ ಇದ್ದದ್ದಕ್ಕೆ ಕಾರಣ ಶೂ. ಅವಳ ಕಾಲಿನ ಅಳತೆ ಹತ್ತು. ಬೇಗ ಚಿಕ್ಕದಾಗದಿರಲಿ ಎಂದು ಒಂದು ನಂಬರು ದೊಡ್ಡದು ತಂದು, ಮುಂದೆ ಹತ್ತಿ ತುರುಕಿದ್ದೆ. ಇಷ್ಟು ವರ್ಷ ಕೂತು ಚರ್ಚಿಸಿದವರಿಗೆ ಮಗುವಿನ ಕಾಲು ಎಷ್ಟು ದೊಡ್ಡದೆಂದು ಗೊತ್ತಿಲ್ಲ.

ನಿಮ್ಮ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಪೊಲೀಸರು ಕೇಳಿದಾಗಲೂ ಕೊಡಲಿಲ್ಲ. ಮೊಸರಿನಲ್ಲಿ ಕಲ್ಲು ಹುಡುಕುವವರಿಗೆ ಏನು ಹೇಳಿದರೂ ಅದು ಕಲ್ಲೇ.

ಅವಳು ಸತ್ತ ಮೂರು ದಿನ ನಿಮಗೆ ಬಾಯಿಪಾಠ. ಬದುಕಿದ್ದ ಏಳು ವರ್ಷದ ಬಗ್ಗೆ ನಿಮ್ಮ ಗುಂಪಿನಲ್ಲಿ ಯಾರಾದರೂ ಏನಾದರೂ ಕೇಳಿದ್ದಾರಾ? ಅವಳು ಹೇಗೆ ನಗುತ್ತಿದ್ದಳು ಎಂದು? ಅದನ್ನು ಕೇಳುವುದಿದ್ದರೆ ಬರೆಯಿರಿ. ಉತ್ತರ ಕೊಡುತ್ತೇನೆ. ಆದರೆ ಲೆಕ್ಕ ಲೆಕ್ಕವೇ. ನಾನು ಉತ್ತರಿಸಿದರೆ ನಿಮ್ಮ ಮೇಲೆ ನನ್ನದೂ ಒಂದು ಪ್ರಶ್ನೆ ಬಾಕಿ ಇರುತ್ತದೆ. ಬೇಕಾದಾಗ ಕೇಳುತ್ತೇನೆ.

ಇಸ್ತ್ರಿಯವಳು


ಮಾರ್ಚ್ ೨

ತಾಯೀ,

ನಿಮ್ಮ ಕಾಗದ ಅಂಗಡಿಯಲ್ಲಿ ಓದಿದೆ. ಎದುರಿಗೆ ಗಿರಾಕಿಯೊಬ್ಬರು ಗೋಡೆಯ ಮೇಲಿನ ಅಕ್ಷರ ಓದಲು ಕಷ್ಟಪಡುತ್ತಿದ್ದರು. "ಕಾಣ್ತಾ ಇಲ್ವಾ?" ಅಂದೆ. "ಕಾಣ್ತಿದೆ, ಆದ್ರೆ ಏನು ಅಂತ ಗೊತ್ತಾಗ್ತಿಲ್ಲ" ಅಂದರು. ನನಗೇ ಹೇಳಿದ ಹಾಗಾಯಿತು.

ಇಲ್ಲ ತಾಯೀ, ಯಾರೂ ಕೇಳಿಲ್ಲ. ನಿನ್ನೆ ಗುಂಪಿನ ಹಳೆಯ ಬರಹಗಳನ್ನೆಲ್ಲ ಹಿಂದಕ್ಕೆ ಹೋಗಿ ನೋಡಿದೆ. ಕಾಲುವೆಯ ನೀರಿನ ಆಳ ಇದೆ, ಬೀದಿದೀಪ ಎಲ್ಲೆಲ್ಲಿತ್ತು ಎನ್ನುವುದಿದೆ. ಒಬ್ಬರು ರಟ್ಟಿನಲ್ಲಿ ನಿಮ್ಮ ಬೀದಿಯನ್ನೇ ಮಾಡಿ ಫೋಟೋ ಹಾಕಿದ್ದಾರೆ, ನಿಮ್ಮ ಮನೆಯ ಬಾಗಿಲಿಗೆ ಹಸಿರು ಬಣ್ಣ ಕೂಡ ಬಳಿದಿದ್ದಾರೆ. ಮಗು ಮಾತ್ರ ಎಲ್ಲೂ ಇಲ್ಲ. ನಾಚಿಕೆಯಾಯಿತು.

ಈಗ ಕೇಳುತ್ತಿದ್ದೇನೆ. ಅವಳು ಹೇಗೆ ನಗುತ್ತಿದ್ದಳು?

ಇತಿ,
ಕನ್ನಡಕ


ಮಾರ್ಚ್ ೨೧

ಕನ್ನಡಕದವರಿಗೆ,

ಕೇಳುತ್ತೀರೆಂದು ಅಂದುಕೊಂಡಿರಲಿಲ್ಲ. ಕೇಳಿದ ಮೇಲೆ ಏನು ಬರೆಯುವುದೆಂದು ಇಷ್ಟು ದಿನ ಯೋಚಿಸಿದೆ.

ನಕ್ಕರೆ ಸದ್ದೇ ಬರುತ್ತಿರಲಿಲ್ಲ. ಬಾಯಿ ದೊಡ್ಡದಾಗಿ ತೆರೆದು, ಕಣ್ಣು ಮುಚ್ಚಿ, ಭುಜ ಕುಣಿಸುತ್ತಿದ್ದಳು. ಉಸಿರು ಕಟ್ಟಿತೋ ಎಂದು ಬೆನ್ನು ತಟ್ಟಬೇಕಿತ್ತು. ಆದರೆ ಅಳು ಶುರುವಾದರೆ ಮೂರು ಮನೆಗೆ ಕೇಳಬೇಕು. ಸಣ್ಣ ಸ್ವರದಲ್ಲಿ ಹಿಡಿದು ಎಳೆಯುತ್ತಿದ್ದಳು, ನಿಲ್ಲಿಸುವ ಮಾತೇ ಇಲ್ಲ. ಅದಕ್ಕೇ ಅವರಪ್ಪ ಪಿಟೀಲು ಎಂದು ಹೆಸರಿಟ್ಟರು. ಮನೆಯಲ್ಲಿ ಬೇರೆ ಹೆಸರೇ ಇರಲಿಲ್ಲ. "ಪಿಟೀಲು ಊಟಕ್ಕೆ ಬಾ, ಪಿಟೀಲು ಹೋಂವರ್ಕ್ ಮಾಡು." ಪೇಪರಿನವರು ಬರೆದದ್ದು ಶಾಲೆಯ ಹೆಸರು. ಆ ಹೆಸರಿನಲ್ಲಿ ಕರೆದರೆ ಅವಳು ತಿರುಗಿಯೂ ನೋಡುತ್ತಿರಲಿಲ್ಲ.

ಅವರಪ್ಪನಿಗೆ ಹಾಡುವ ಹುಚ್ಚು. ಕಂಠ ಮಾತ್ರ ದೇವರಿಗೇ ಪ್ರೀತಿ. ಅವರು ಬಾಯಿ ತೆರೆದರೆ ಇವಳು ಎರಡೂ ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ಹೋಗುತ್ತಿದ್ದಳು. "ರೀ, ನಿಲ್ಸಿ, ಹಾಲು ಒಡೆದುಹೋಗುತ್ತೆ" ಎಂದು ನಾನು. ಮೂವರೂ ನಗುತ್ತಿದ್ದೆವು. ಒಬ್ಬಳದು ಸದ್ದಿಲ್ಲದ ನಗು.

ಅವರು ಈಗ ಬೇರೆ ಊರಿನಲ್ಲಿ ಮರದ ಡಿಪೋ ಕಾಯುತ್ತಾರೆ. ಅವಳು ಹೋದ ವರ್ಷವೇ ಬೇರೆಯಾದೆವು. ಏಕೆ ಎಂದು ಕೇಳಬೇಡಿ.

ನಿಮ್ಮ ಮೇಲೆ ಒಂದು ಪ್ರಶ್ನೆ ಬಾಕಿ ಇದೆ, ಮರೆಯಬೇಡಿ.

ಇಸ್ತ್ರಿಯವಳು


ಮಾರ್ಚ್ ೩೦

ಪ್ರೀತಿಯ ತಾಯೀ,

ಪಿಟೀಲು. ಈ ಕಾಗದ ಬಂದಾಗಿನಿಂದ ಮನೆಯಲ್ಲಿ ನನ್ನಷ್ಟಕ್ಕೆ ಆ ಹೆಸರು ಹೇಳಿಕೊಂಡು ಓಡಾಡುತ್ತಿದ್ದೇನೆ. ಮಗ ವಿಚಿತ್ರವಾಗಿ ನೋಡುತ್ತಾನೆ. ನನ್ನ ಮಗನೂ ಚಿಕ್ಕವನಿದ್ದಾಗ ಮಂಚದ ಕೆಳಗೆ ಅಡಗುತ್ತಿದ್ದ. ಹೊರಗೆ ಕಾಲು ಚಾಚಿಕೊಂಡಿರುತ್ತಿತ್ತು, ನಾನು ಹುಡುಕಿದ ಹಾಗೆ ನಟಿಸಬೇಕು.

ನಿಮಗೊಂದು ಸಂತೋಷದ ಸುದ್ದಿ ಹೇಳಬೇಕು. ನೀವು ಬರೆದದ್ದನ್ನು ಗುಂಪಿನಲ್ಲಿ ಹಾಕಿದೆ. ನಗುವಿನ ವಿಷಯ, ಹೆಸರಿನ ವಿಷಯ, ಅಷ್ಟೇ. ಎಷ್ಟೋ ಜನ ಓದಿ ಅತ್ತರು. ಲಾರಿಯವರು ಗಾಡಿ ನಿಲ್ಲಿಸಿ ಓದಿದೆ ಎಂದು ಬರೆದಿದ್ದಾರೆ. ಇನ್ನು ಮೇಲೆ ಅವಳನ್ನು ಯಾರೂ "ನೀಲಿ ರಿಬ್ಬನ್ ಕೇಸು" ಎನ್ನುವುದಿಲ್ಲ ತಾಯೀ. ಎಲ್ಲರೂ ಪಿಟೀಲು ಎಂದೇ ಬರೆಯುತ್ತಿದ್ದಾರೆ.

ನಿಮ್ಮ ಬಾಕಿ ಪ್ರಶ್ನೆಗೆ ಕಾಯುತ್ತಿದ್ದೇನೆ.

ನಿಮ್ಮ,
ಕನ್ನಡಕ


ಏಪ್ರಿಲ್ ೧೬

ನಿನ್ನೆ ಕೆಲಸ ಮುಗಿಸಿ ಹೊರಗೆ ಬಂದಾಗ ಲಾಂಡ್ರಿಯ ಗೇಟಿನಲ್ಲಿ ಇಬ್ಬರು ಹುಡುಗರು ನಿಂತಿದ್ದರು. ಒಬ್ಬ ಫೋನು ಎತ್ತಿ ಹಿಡಿದಿದ್ದ. ಇನ್ನೊಬ್ಬ ನಗುತ್ತಲೇ ಕೇಳಿದ, "ಪಿಟೀಲು ಅಮ್ಮ ನೀವೇ ತಾನೆ? ಆ ಯೂನಿಫಾರಂ ಮತ್ತೆ ಮತ್ತೆ ಯಾಕೆ ಒಗೆದ್ರಿ? ಅದರ ಮೇಲೆ ಏನಿತ್ತು?"

ನನ್ನ ಜೊತೆ ಕೆಲಸ ಮಾಡುವ ಹೆಂಗಸರೆಲ್ಲ ಅಲ್ಲೇ ಇದ್ದರು. ಹದಿನೈದು ವರ್ಷದಿಂದ ನನ್ನ ಪಕ್ಕದ ಮೇಜಿನಲ್ಲಿ ಇಸ್ತ್ರಿ ಮಾಡುವವಳು ಕೂಡ ನನ್ನ ಮುಖವನ್ನು ಒಮ್ಮೆ ನೋಡಿ ಬೇರೆ ಕಡೆ ತಿರುಗಿದಳು.

ಒಂದು ಸಣ್ಣ ಅನುಮಾನ ಎಂದು ಬರೆದಿದ್ದಿರಿ. ನಿಮ್ಮ ಅನುಮಾನ ನಾನೇ ಎಂದು ಬರೆಯಲಿಲ್ಲ. ನಾನು ಮಗುವಿನ ಹೆಸರು ನಿಮ್ಮ ಕೈಗೆ ಕೊಟ್ಟೆ. ಅದನ್ನು ಆ ಹುಡುಗನ ಬಾಯಲ್ಲಿ ಕೇಳಿದೆ. ನಿಮಗೆ ಸಂಜೆ ಹೊತ್ತು ಹೋಗುತ್ತದೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಇನ್ನು ಬರೆಯಬೇಡಿ.


ಏಪ್ರಿಲ್ ೨೨

ತಾಯೀ,

ಬರೆಯಬೇಡಿ ಎಂದ ಮೇಲೂ ಬರೆಯುತ್ತಿದ್ದೇನೆ, ಇದೊಂದು ಸಲ.

ಹೌದು. ಗುಂಪಿನ ಅರ್ಧ ಜನ ನಿಮ್ಮ ಮೇಲೇ ಅನುಮಾನಪಡುತ್ತಾರೆ. ನಿಮಗೆ ಮೊದಲ ಕಾಗದ ಬರೆದ ದಿನ ನಾನೂ ಆ ಅರ್ಧದಲ್ಲಿದ್ದೆ. ಎರಡನೇ ಕಾಗದದ ಹೊತ್ತಿಗೆ ಇರಲಿಲ್ಲ. ಆದರೆ ಮೊದಲು ಅನುಮಾನಪಟ್ಟದ್ದನ್ನು ನಿಮಗೆ ಹೇಳುವ ಧೈರ್ಯ ಬರಲಿಲ್ಲ, ಹೇಳಿದರೆ ನೀವು ಬರೆಯುವುದು ನಿಲ್ಲಿಸುತ್ತೀರೆಂಬ ಭಯ. ಹೆಸರನ್ನು ಅಲ್ಲಿ ಹಾಕಿದ್ದು ಒಳ್ಳೆಯ ಮನಸ್ಸಿನಿಂದಲೇ. ಒಳ್ಳೆಯ ಮನಸ್ಸಿನಿಂದ ಮಾಡಿದರೆ ನೋವು ಕಡಿಮೆಯಾಗುವುದಿಲ್ಲ ಎಂದು ಈ ವಯಸ್ಸಿಗೆ ಗೊತ್ತಾಗಬೇಕಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು.

ಹಾಕಿದ್ದನ್ನು ಅಳಿಸಿದೆ. ಅಳಿಸಿದರೂ ಉಳಿಯುತ್ತದೆ ಎಂದು ಮಗ ಹೇಳಿದ. ಆ ಹುಡುಗರು ಯಾರೆಂದು ಹುಡುಕಿ, ಅವರು ಹಾಕಿದ್ದ ನಿಮ್ಮ ವಿಡಿಯೋ ಅಳಿಸಿಹಾಕಿಸಿದ್ದೇನೆ. ಗುಂಪಿನಲ್ಲಿ ದೊಡ್ಡ ಜಗಳವಾಯಿತು. ನರ್ಸ್ ಅಕ್ಕ ಮತ್ತು ಲಾರಿಯವರು ನನ್ನ ಕಡೆ ನಿಂತರು. ಉಳಿದವರು "ಕನ್ನಡಕಕ್ಕೆ ಮಂಜು ಹಿಡಿದಿದೆ" ಎಂದು ನಕ್ಕರು. ನಗಲಿ.

ನೀವು ಉತ್ತರ ಬರೆಯದಿದ್ದರೂ ಆ ಬಾಕಿ ನನ್ನ ಮೇಲೆ ಹಾಗೇ ಇದೆ. ಕ್ಷಮಿಸಿ ಎನ್ನುವುದು ಬಹಳ ಚಿಕ್ಕ ಮಾತು. ಆದರೂ ಕ್ಷಮಿಸಿ.

ಕನ್ನಡಕ


ಜುಲೈ ೮

ಕನ್ನಡಕದವರಿಗೆ,

ಪಕ್ಕದ ಮೇಜಿನವಳು ಹೋದ ವಾರ ಮತ್ತೆ ಮಾತನಾಡಿಸಿದಳು. ಒಂದೇ ಬೆಡ್‌ಶೀಟಿನ ಎರಡು ತುದಿ ಹಿಡಿದು ಮಡಿಸಬೇಕಾದಾಗ ಎಷ್ಟು ದಿನ ಮಾತು ಬಿಡಲು ಸಾಧ್ಯ? ನಿಮ್ಮ ಮೇಲೆ ಸಿಟ್ಟು ಪೂರ್ತಿ ಹೋಗಿಲ್ಲ. ಆದರೆ ನನಗೊಂದು ವಿಷಯ ಕೇಳಬೇಕಾಗಿದೆ, ಕೇಳಲು ನಿಮ್ಮನ್ನು ಬಿಟ್ಟರೆ ಯಾರೂ ಇಲ್ಲ. ಬಾಕಿ ಇರುವ ಪ್ರಶ್ನೆ ಇದೇ.

ಶುಕ್ರವಾರ ಶಾಲೆಯಿಂದ ಅವಳನ್ನು ಕರೆತರುವ ಸರದಿ ಅವರಪ್ಪನದು. ಆ ದಿನ ಬೆಳಿಗ್ಗೆ, "ಕೆಲಸ ಜಾಸ್ತಿ ಇದೆ, ಪಕ್ಕದ ಬೀದಿ ಮಕ್ಕಳ ಜೊತೆ ಬರ್ಲಿ" ಅಂದರು. ಆ ಮಕ್ಕಳು ತಿರುವಿನ ತನಕ ಜೊತೆಗಿದ್ದು ತಮ್ಮ ದಾರಿ ಹಿಡಿದರು. ಆಮೇಲೆ ನನಗೆ ಗೊತ್ತಾಯಿತು, ಅವರು ಆ ದಿನ ಮಧ್ಯಾಹ್ನವೇ ತಾವು ಕೆಲಸಕ್ಕಿದ್ದ ವರ್ಕ್‌ಶಾಪಿನಿಂದ ಹೊರಟಿದ್ದರು. ಮನೆಗೆ ಬಂದದ್ದು ಕತ್ತಲಾದ ಮೇಲೆ. ಪೊಲೀಸರು ಕರೆದುಕೊಂಡು ಹೋಗಿ ವಿಚಾರಿಸಿ ಬಿಟ್ಟರು. ಏನು ಹೇಳಿದರು ಎಂದು ಕೇಳಿದರೆ, "ಬಿಟ್ಟಿದ್ದೀವಲ್ಲಮ್ಮ" ಎಂದಷ್ಟೇ ಅಂದರು. ಅವರನ್ನೇ ಒಂದು ಸಲ ಕೇಳಿದೆ, "ಎಲ್ಲಿದ್ರಿ?" ಎಂದು. ತಲೆ ತಗ್ಗಿಸಿದರು. ಎತ್ತಲೇ ಇಲ್ಲ.

ಆ ತಗ್ಗಿದ ತಲೆಯ ಜೊತೆ ಒಂದು ಮನೆಯಲ್ಲಿ ಇರಲು ನನ್ನಿಂದ ಆಗಲಿಲ್ಲ. ಎದುರು ಕೂತು ಊಟ ಮಾಡುವಾಗ ಅವರ ಕೈಯನ್ನೇ ನೋಡುತ್ತಿದ್ದೆ. ಒಂದು ದಿನ ನನ್ನ ಬಟ್ಟೆ ತೆಗೆದುಕೊಂಡು ಹೊರಟೆ. ಏಕೆ ಎಂದು ಅವರೂ ಕೇಳಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಎಂದುಕೊಂಡೆ.

ಆದರೆ ಆ ಮನುಷ್ಯ ಅವಳ ಕಾಲಿಗೆ ಮುಳ್ಳು ಚುಚ್ಚಿದರೆ ತಾನು ಅಳುತ್ತಿದ್ದ. ಈ ಎರಡನ್ನೂ ಹದಿನೆಂಟು ವರ್ಷ ಒಂದೇ ತಲೆಯಲ್ಲಿ ಇಟ್ಟುಕೊಂಡಿದ್ದೇನೆ.

ನೀವು ಎಲ್ಲ ಓದಿದ್ದೀರಿ. ಮುಚ್ಚುಮರೆ ಬೇಡ. ಅವರಾ?


ಜುಲೈ ೧೩

ತಾಯೀ,

ಅಲ್ಲ.

ಮೊದಲು ಈ ಒಂದು ಮಾತು ಓದಿ, ಸ್ವಲ್ಪ ಕೂತು, ಆಮೇಲೆ ಮುಂದೆ ಓದಿ. ಅವರಲ್ಲ. ಇದರಲ್ಲಿ ಅನುಮಾನವೇ ಇಲ್ಲ.

ನಿಮ್ಮ ಕಾಗದ ಕೈಯಲ್ಲಿ ಹಿಡಿದು ಅಂಗಡಿಯ ಬಾಗಿಲು ಎಳೆದುಕೊಂಡು ಒಳಗೆ ಕೂತೆ. ಇದು ನಮಗೆ ಗೊತ್ತಿತ್ತು ತಾಯೀ. ನಾನು ಗುಂಪಿಗೆ ಸೇರುವ ಮೊದಲೇ ಗೊತ್ತಿತ್ತು. ಆ ಕಾಲದ ಮದುವೆ ವಿಡಿಯೋದವರೊಬ್ಬರ ಹಳೆಯ ಕ್ಯಾಸೆಟ್ಟುಗಳನ್ನು ಯಾರೋ ಇಂಟರ್ನೆಟ್ಟಿಗೆ ಹಾಕಿದ್ದರು. ಅದರಲ್ಲಿ ನಿಮ್ಮ ಊರಿನ ಅಂಗಡಿಯವರ ಸಂಘದ ವಾರ್ಷಿಕೋತ್ಸವ ಒಂದು. ಹಿಂದೆ ಬ್ಯಾನರಿನಲ್ಲಿ ಅದೇ ಶುಕ್ರವಾರದ ತಾರೀಖು, ಪಕ್ಕದ ಗೋಡೆಯಲ್ಲಿ ದೊಡ್ಡ ಗಡಿಯಾರ. ಹಾಡಿನ ಸ್ಪರ್ಧೆ. ಮುಂದಿನ ಬೆಂಚಿನಲ್ಲಿ, ಮೂರು ಗಂಟೆಯಿಂದಲೇ, ಬಾಚಿದ ತಲೆಯನ್ನು ಮತ್ತೆ ಮತ್ತೆ ಬಾಚಿಕೊಳ್ಳುತ್ತಾ ನಿಮ್ಮ ಯಜಮಾನರು ಕೂತಿದ್ದಾರೆ. ಸರದಿ ಬಂದದ್ದು ಆರು ಗಂಟೆಯ ಹತ್ತಿರ. ಹಾಡಿದರು. ಹೇಗೆ ಹಾಡಿದರು ಎಂದು ನಿಮಗೆ ನಾನು ಹೇಳಬೇಕಿಲ್ಲ. ಸಭೆ ನಕ್ಕಿತು. ಅವರೂ ನಕ್ಕರು, ಆದರೆ ಪಲ್ಲವಿಯಿಂದ ಕೊನೆಯವರೆಗೆ ಬಿಡದೆ ಹಾಡಿ ಮುಗಿಸಿದರು. ಪೊಲೀಸರೂ ಸಂಘದವರನ್ನು ಕೇಳಿ ಖಚಿತಮಾಡಿಕೊಂಡೇ ಬಿಟ್ಟದ್ದಂತೆ.

ಗುಂಪಿನಲ್ಲಿ ಅದನ್ನು ನೋಡಿ, ಎರಡು ದಿನ ಚರ್ಚಿಸಿ, "ತಂದೆ: ಮುಗಿಯಿತು" ಎಂದು ಬರೆದು, ಮುಂದಿನವರ ಕಡೆ ಹೋದರು. ಮುಂದಿನವರು ನೀವು. ಇದನ್ನು ನಿಮಗೆ ತಿಳಿಸಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ. ಹೆಂಡತಿಗೆ ಗೊತ್ತೇ ಇರುತ್ತದೆ ಎಂದುಕೊಂಡೆವು. ದೀಪದ ಕೆಳಗೆ ಕತ್ತಲು. ನೀವಿಬ್ಬರೂ ಬೇರೆಯಾದದ್ದನ್ನೂ ನಾವು ಚರ್ಚಿಸಿದ್ದೇವೆ ತಾಯೀ, ನಾಲ್ಕು ನಾಲ್ಕು ಕಾರಣ ಕೊಟ್ಟು. ನಿಜವಾದ ಕಾರಣಕ್ಕೆ ಉತ್ತರ ನಮ್ಮ ಬಳಿಯೇ ಇಷ್ಟು ವರ್ಷ ಬಿದ್ದಿತ್ತು.

ಆ ವಿಡಿಯೋವನ್ನು ಮೆಮೊರಿ ಕಾರ್ಡಿಗೆ ಹಾಕಿಸಿ ಈ ಲಕೋಟೆಯಲ್ಲಿಟ್ಟಿದ್ದೇನೆ. ಯಾರ ಫೋನಿಗಾದರೂ ಹಾಕಿಸಿ ನೋಡಿ. ಒಬ್ಬರೇ ನೋಡಬೇಡಿ.

ನಾನು ಇವತ್ತು ಗುಂಪು ಬಿಟ್ಟೆ.

ಕನ್ನಡಕ


ಆಗಸ್ಟ್ ೨೫

ಕನ್ನಡಕದ ಅಕ್ಕನಿಗೆ,

ಪಕ್ಕದ ಮೇಜಿನವಳ ಫೋನಿನಲ್ಲಿ ನೋಡಿದೆ. ಊಟದ ಬಿಡುವಿನಲ್ಲಿ, ಒಗೆದ ಬೆಡ್‌ಶೀಟುಗಳ ರಾಶಿಯ ಹಿಂದೆ ಇಬ್ಬರೂ ಕೂತು. ಅವರು ಬಾಯಿ ತೆರೆದ ಕೂಡಲೇ ಅವಳು ಕಿಸಕ್ಕನೆ ನಕ್ಕಳು, ಆಮೇಲೆ ನನ್ನ ಮುಖ ನೋಡಿ ಬಾಯಿ ಮುಚ್ಚಿಕೊಂಡಳು. "ನಗು, ಪರವಾಗಿಲ್ಲ" ಅಂದೆ. ನಾನೂ ನಕ್ಕೆ. ನಕ್ಕದ್ದು ಯಾವಾಗ ಅಳುವಾಯಿತೋ ಗೊತ್ತಾಗಲಿಲ್ಲ. ಹಾಲು ಒಡೆಯುತ್ತೆ ಎಂದು ನಾನು ಆಡಿಕೊಳ್ಳುತ್ತಿದ್ದೆನಲ್ಲ, ಅದಕ್ಕೇ ನನಗೆ ಹೇಳದೆ ಹೋಗಿದ್ದಾರೆ.

ರಜೆ ಹಾಕಿ ಅವರ ಊರಿಗೆ ಹೋದೆ. ಡಿಪೋದ ಗೇಟಿನ ಪಕ್ಕ ಒಂದು ಕೋಣೆ, ಒಂದು ಮಂಚ, ಒಂದು ಸ್ಟೌ. ಬಹಳ ಇಳಿದುಹೋಗಿದ್ದಾರೆ. ನನ್ನನ್ನು ನೋಡಿ ಎದ್ದು ನಿಂತರು, ಕೂರು ಎನ್ನಲೂ ತಿಳಿಯಲಿಲ್ಲ. ಟೀ ಮಾಡಿದರು. ನಾನು, "ಅವತ್ತು ನೀವು ಹಾಡಿದ್ದನ್ನ ನೋಡ್ದೆ" ಅಂದೆ.

ಅವರು ಲೋಟ ಕೆಳಗಿಟ್ಟರು. "ಪೊಲೀಸ್ನೋರು ಆವಾಗ್ಲೇ ನಿಂಗೆ ಹೇಳಿರ್ತಾರೆ ಅಂದ್ಕೊಂಡಿದ್ದೆ" ಅಂದರು. "ಮಗು ಆ ಕಡೆ ಒಂದೇ ನಡ್ಕೊಂಡು ಬರ್ತಿದ್ರೆ ನಾನು ಈ ಕಡೆ ಹಾಡ್ತಾ ನಿಂತಿದ್ದೆ. ಇಂಥವನ ಮುಖ ನೋಡೋಕೆ ಆಗ್ದೆ ನೀನು ಹೋದೆ. ಸರಿಯಾಗೇ ಮಾಡ್ದೆ. ಆಮೇಲೆ ನಾನು ಬಾಯಿ ತೆಗೆದು ಒಂದು ಸಾಲೂ ಹಾಡಿಲ್ಲ."

ಅಕ್ಕಾ, ಅವರಿಗೆ ಗೊತ್ತೇ ಇಲ್ಲ. ನಾನು ಅವರ ಕೈ ನೋಡುತ್ತಿದ್ದದ್ದು ಏಕೆಂದು ಅವರಿಗೆ ಒಂದು ದಿನವೂ ಹೊಳೆದಿಲ್ಲ. ಹಾಡಿದ್ದಕ್ಕೇ ನಾನು ಬಿಟ್ಟುಹೋದೆ ಎಂದು ತಿಳಿದು ಇಷ್ಟು ವರ್ಷ ಬದುಕಿದ್ದಾರೆ. "ಈಗ್ಲಾದ್ರೂ ಕ್ಷಮಿಸ್ತೀಯಾ?" ಎಂದು ಕೇಳಿದರು. ನಾನು ಹೂಂ ಅಂದೆ. ನಾನು ಅವರ ಕ್ಷಮೆ ಕೇಳಬೇಕಾದರೆ ಮೊದಲು ನನ್ನ ಅನುಮಾನದ ವಿಷಯ ಅವರಿಗೆ ಹೇಳಬೇಕು. ಹೇಳಿದರೆ ಆ ಜೀವ ಉಳಿಯುವುದಿಲ್ಲ. ಆದ್ದರಿಂದ ಇದು ನಿಮಗೆ ಮತ್ತು ನನಗೆ ಮಾತ್ರ ಗೊತ್ತು. ಅವರನ್ನು ಕರೆತಂದಿದ್ದೇನೆ. ಈಗ ಹೊರಗಿನ ಕೋಣೆಯಲ್ಲಿ ಮಲಗಿದ್ದಾರೆ.

ಮಾಡಿದವನು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಗೊತ್ತಾಗುತ್ತದೆ ಎಂಬ ಆಸೆಯೂ ಕಡಿಮೆ. ಆದರೆ ಯಾರಲ್ಲ ಎಂದು ಗೊತ್ತಾಯಿತು. ನನಗೆ ಅದೂ ದೊಡ್ಡದೇ.

ನಿಮ್ಮ ಮೊದಲ ಪ್ರಶ್ನೆ ನನ್ನ ಬಳಿ ಬಾಕಿ ಇದೆ. ಲೆಕ್ಕ ಲೆಕ್ಕವೇ.

ಆ ಸಂಜೆ ಬೀದಿಯವರೆಲ್ಲ ಹುಡುಕಲು ಹೊರಟರು. ನನಗೆ, "ನೀನು ಮನೇಲೇ ಇರಮ್ಮ, ಮಗು ಬಂದ್ರೆ ಬಾಗಿಲು ತೆಗೆಯೋಕೆ ಯಾರಾದ್ರೂ ಬೇಕಲ್ಲ" ಅಂದರು. ಕೈಗೆ ಏನಾದರೂ ಕೆಲಸ ಬೇಕಿತ್ತು. ಸೋಮವಾರಕ್ಕೆ ಬೇಕೆಂದು ಇನ್ನೊಂದು ಯೂನಿಫಾರಂ ಒಗೆದು ಹಗ್ಗಕ್ಕೆ ಹಾಕಿದೆ. ಹಾಕುವಾಗ, ಇದು ಒಣಗುವುದರೊಳಗೆ ಬಂದೇ ಬರುತ್ತಾಳೆ ಎಂದುಕೊಂಡೆ. ಏಕೆ ಹಾಗೆ ಅಂದುಕೊಂಡೆನೋ ಗೊತ್ತಿಲ್ಲ, ಆದರೆ ಅಂದುಕೊಂಡ ಮೇಲೆ ಅದೇ ಗಟ್ಟಿಯಾಯಿತು. ಬೇಸಿಗೆ, ಬೇಗ ಒಣಗತೊಡಗಿತು. ಮುಟ್ಟಿ ನೋಡಿದೆ, ತೋಳು ಆಗಲೇ ಗರಿಗರಿ. ಚೊಂಬಿನಲ್ಲಿ ನೀರು ತಂದು ಚಿಮುಕಿಸಿದೆ. ರಾತ್ರಿ ಮತ್ತೆ. ಶನಿವಾರ ಇಡೀ ದಿನ. ಭಾನುವಾರ ಪೊಲೀಸರು ಮುಟ್ಟಿ ನೋಡಿ ಇನ್ನೂ ಒದ್ದೆ ಇದೆಯಲ್ಲ ಅಂದಾಗ, ಇನ್ನೂ ಒದ್ದೆ ಇದೆ, ಇನ್ನೂ ಹೊತ್ತಿದೆ ಎಂದು ನನಗೆ ಸಮಾಧಾನವೇ ಆಯಿತು.

ಸೋಮವಾರ ಬೆಳಿಗ್ಗೆ ಬಂದು ಹೇಳಿದರು. ಆಮೇಲೆ ನಾನು ನೀರು ಹಾಕಲಿಲ್ಲ. ಮಧ್ಯಾಹ್ನದೊಳಗೆ ಒಣಗಿತು.

ಪಿಟೀಲಿನ ಅಮ್ಮ